ಆಗಸ್ಟ್‌ನಲ್ಲಿ ಮಾವಿನ ವಾಸನೆ

ಆಗಸ್ಟ್ ತಿಂಗಳ ಒಂದು ಶನಿವಾರ ರಾತ್ರಿ. ಕ್ಲಿನಿಕ್ ಶಟರ್ ಅರ್ಧ ಎಳೆದಾಗಿತ್ತು. ಇಬ್ಬರು ಹುಡುಗರು ಟವೆಲ್‌ನಲ್ಲಿ ಬೀಗಲ್ ನಾಯಿಮರಿಯೊಂದನ್ನು ಸುತ್ತಿಕೊಂಡು ಓಡಿ ಬಂದರು. ನಾಲ್ಕು ತಿಂಗಳ ಮರಿ, ತೂಕ 5 ಕೆ.ಜಿ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಕಾಲು ಗಡಗಡ ನಡುಗುತ್ತಿತ್ತು. ಎದೆಬಡಿತ ಎಣಿಸಲು ಆಗದಷ್ಟು ಜೋರು.

‘ಏನು ತಿಂತು?’ ಅಂತ ಕೇಳಿದೆ.

‘ಏನೂ ಇಲ್ಲ ಡಾಕ್ಟ್ರೇ. ಸುಮ್ನೆ ಮಲಗಿತ್ತು.’

ಬೆಂಗಳೂರಿನಲ್ಲಿ ನಡುಗುವ ನಾಯಿ ಬಂದರೆ ನನ್ನ ತಲೆಗೆ ಮೊದಲು ಬರುವುದು ಉಣ್ಣೆ ಹುಳದ ಔಷಧಿ. ಸ್ನಾನದ ನೀರಿಗೆ ಜಾಸ್ತಿ ಹಾಕಿಬಿಟ್ಟಿರುತ್ತಾರೆ. ಆಮೇಲೆ ಇಲಿ ಪಾಷಾಣ, ಜಿರಳೆ ಸ್ಪ್ರೇ. ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ‘ಇಲ್ಲ’. ಅಷ್ಟರಲ್ಲಿ ಮರಿ ಟೇಬಲ್ ಮೇಲೆಯೇ ವಾಂತಿ ಮಾಡಿತು. ಮಾವಿನ ಹಣ್ಣಿನ ಚಾಕೊಲೇಟಿನ ವಾಸನೆ ಘಮ್ಮೆಂದಿತು. ಆಗಸ್ಟ್‌ನಲ್ಲಿ ಯಾವ ಮಾವು? ತಲೆ ಎತ್ತಿ ನೋಡಿದೆ. ಒಬ್ಬ ಇನ್ನೊಬ್ಬನ ಮುಖ ನೋಡಿ, ಜೇಬಿನಿಂದ ಹಲ್ಲಿನ ಗುರುತಿದ್ದ ಪ್ಲಾಸ್ಟಿಕ್ ತುಂಡೊಂದನ್ನು ಹೊರತೆಗೆದ. ವೇಪ್, ಅಂದರೆ ನಿಕೋಟಿನ್ ಲಿಕ್ವಿಡ್ ಕಾಯಿಸಿ ಆವಿ ಎಳೆಯುವ ಇ-ಸಿಗರೇಟ್.

‘ಹೇಳೋದಾ ಬೇಡ್ವಾ’ ಅಂತ ಮನೆಯಲ್ಲೇ ಅರ್ಧ ಗಂಟೆ ಕಳೆದಿದ್ದರಂತೆ.

ಅವರ ಹೆದರಿಕೆ ನನಗೂ ಅರ್ಥ ಆಗುತ್ತದೆ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟ್ ನಿಷೇಧವಾಯಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು, ಎಲ್ಲವೂ ಅಪರಾಧ. ಆದರೂ ಹುಡುಗರ ಜೇಬಿನಲ್ಲಿ ಅದು ಇದೆ. ನನ್ನ ಟೇಬಲ್ ಮೇಲೂ ಬರುತ್ತಿದೆ. ಕದ್ದುಮುಚ್ಚಿ ಕೊಂಡದ್ದು, ಹಾಗಾಗಿ ಯಾರೂ ಬಾಯಿಬಿಡುವುದಿಲ್ಲ. ಆ ಮೌನದಲ್ಲಿ ಕಳೆದುಹೋಗುವ ಸಮಯವೇ ನನಗೆ ದೊಡ್ಡ ತಲೆನೋವು. ವಿಷ ಯಾವುದು ಅಂತ ಗೊತ್ತಾದರೆ ಅರ್ಧ ಚಿಕಿತ್ಸೆ ಆದ ಹಾಗೆ. ಸ್ವಾಮಿ, ನಾನು ಪಶುವೈದ್ಯ, ಪೊಲೀಸ್ ಅಲ್ಲ.

ಲೆಕ್ಕ ಹಾಕಿ ನೋಡಿ. ನಾಯಿಯ ಪ್ರತಿ ಕೆ.ಜಿ. ತೂಕಕ್ಕೆ 1 ಮಿ.ಗ್ರಾಂ ನಿಕೋಟಿನ್ ಹೊಟ್ಟೆ ಸೇರಿದರೂ ತೊಂದರೆ ಶುರುವಾಗಬಹುದು. 9 ಮಿ.ಗ್ರಾಂ ಆಸುಪಾಸಿಗೆ ಹೋದರೆ ಜೀವಕ್ಕೇ ಕುತ್ತು. ಒಂದು ಸಿಗರೇಟಿನ ತಂಬಾಕಿನಲ್ಲಿ ಸುಮಾರು 10ರಿಂದ 15 ಮಿ.ಗ್ರಾಂ ಇರುತ್ತದೆ. ವೇಪ್ ಲಿಕ್ವಿಡ್‌ನ ಕಥೆಯೇ ಬೇರೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಒಂದು ಮಿ.ಲೀ.ಗೆ 20 ಮಿ.ಗ್ರಾಂ ಮೀರುವಂತಿಲ್ಲ. ಕಳ್ಳದಾರಿಯಲ್ಲಿ ಬರುವ ಮಾಲಿನ ಮೇಲೆ ‘5%’ ಅಂತ ಬರೆದಿರುತ್ತದೆ, ಅಂದರೆ ಮಿ.ಲೀ.ಗೆ 50 ಮಿ.ಗ್ರಾಂ. 2 ಮಿ.ಲೀ. ಇದ್ದರೆ 100 ಮಿ.ಗ್ರಾಂ ಆಯಿತು. ಆ 5 ಕೆ.ಜಿ. ಮರಿ ಅಷ್ಟನ್ನೂ ನುಂಗಿದ್ದರೆ ಕೆ.ಜಿ.ಗೆ 20 ಮಿ.ಗ್ರಾಂ. ಅದೂ ಚೀಟಿಯಲ್ಲಿ ಬರೆದದ್ದು ನಿಜ ಅಂತ ನಂಬಿದರೆ. ಪರೀಕ್ಷೆ ಮಾಡಿದವರು ಯಾರು?

ಸಿಗರೇಟ್ ತುಂಡನ್ನು ಬಹಳ ನಾಯಿಗಳು ಮೂಸಿ ಬಿಟ್ಟುಬಿಡುತ್ತವೆ, ಕಹಿ. ಇದು ಮಾವು, ಸ್ಟ್ರಾಬೆರಿ, ಬಬಲ್‌ಗಮ್ ವಾಸನೆಯ ಎಣ್ಣೆಯಂಥ ನೀರು. ಸಿಗರೇಟ್ ತುಂಡಿನ ತಂಬಾಕಿನಿಂದ ನಿಕೋಟಿನ್ ನಿಧಾನಕ್ಕೆ ಬಿಟ್ಟುಕೊಳ್ಳಬೇಕು. ಇಲ್ಲಿ ಅದು ಕರಗಿಯೇ ಇದೆ. ವಸಡು, ನಾಲಿಗೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಚರ್ಮದಿಂದಲೂ ಒಳಗೆ ಹೋಗುತ್ತದೆ. ಒದ್ದೆ ಹೊಗೆಸೊಪ್ಪು ಮುರಿಯುವ ಕೂಲಿಯವರಿಗೆ ತಲೆ ಸುತ್ತಿ ವಾಂತಿ ಬರುವುದೂ ಇದರಿಂದಲೇ. ಹಳ್ಳಿಗಳಲ್ಲಿ ದನದ ಉಣ್ಣೆಗೆ ಹೊಗೆಸೊಪ್ಪಿನ ನೀರು ಬಳಿಯುತ್ತಿದ್ದರಲ್ಲ, ಅಲ್ಲಿ ಉಣ್ಣೆಯನ್ನು ಕೊಲ್ಲುತ್ತಿದ್ದುದೂ ಇದೇ ನಿಕೋಟಿನ್. ನೆಲಕ್ಕೆ ಚೆಲ್ಲಿದ ಲಿಕ್ವಿಡ್ ಮೇಲೆ ನಾಯಿ ನಡೆದರೆ, ಆಮೇಲೆ ಪಾದ ನೆಕ್ಕುತ್ತದೆ, ಅಲ್ವಾ?

ಒಳಗೆ ಹೋದ ನಿಕೋಟಿನ್ ನರಗಳನ್ನು ಮೊದಲು ಕೆರಳಿಸುತ್ತದೆ. ಜೊಲ್ಲು, ವಾಂತಿ, ಭೇದಿ, ಚಡಪಡಿಕೆ, ಎದೆಬಡಿತ. ಹೆಚ್ಚಾಗಿ ಹದಿನೈದು ನಿಮಿಷದಿಂದ ಒಂದು ಗಂಟೆಯೊಳಗೆ ಕಾಣಿಸುತ್ತದೆ. ಪ್ರಮಾಣ ಜಾಸ್ತಿ ಇದ್ದರೆ ಅದೇ ನರಗಳು ಕೆಲಸ ನಿಲ್ಲಿಸುತ್ತವೆ. ಫಿಟ್ಸ್ ಬರಬಹುದು, ಬಡಿತ ನಿಧಾನವಾಗುತ್ತದೆ, ಮಾಂಸಖಂಡ ಸಡಿಲವಾಗುತ್ತದೆ. ಕೊನೆಗೆ ಉಸಿರಾಡಿಸುವ ಸ್ನಾಯುಗಳೂ ಸೋಲುತ್ತವೆ. ನಡುಕ ನಿಂತು ನಾಯಿ ಸುಮ್ಮನಾಯಿತು ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತು ನಿಜಕ್ಕೂ ಅಪಾಯದ ಹೊತ್ತಾಗಿರಬಹುದು.

ಇದಕ್ಕೆ ಮದ್ದು ಅಂತ ಒಂದು ಇಂಜೆಕ್ಷನ್ ಇಲ್ಲ. ಡ್ರಿಪ್, ಫಿಟ್ಸ್‌ಗೆ ಡಯಾಜೆಪಾಮ್, ಬಡಿತ ಇಳಿದರೆ ಅಟ್ರೋಪಿನ್, ಬೇಕಾದರೆ ಆಮ್ಲಜನಕ. ಮಿಕ್ಕದ್ದನ್ನು ಲಿವರ್ ಮತ್ತು ಕಿಡ್ನಿ ಮಾಡಬೇಕು. ಸಮಾಧಾನದ ವಿಷಯ ಅಂದರೆ ನಿಕೋಟಿನ್ ದೇಹದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಮೊದಲ ಕೆಲವು ಗಂಟೆ ದಾಟಿದರೆ ಮುಕ್ಕಾಲು ಗೆದ್ದ ಹಾಗೆ.

ಮನೆಯಲ್ಲಿ ಮಾಡುವ ತಪ್ಪುಗಳು ಎರಡು. ಒಂದು, ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವುದು. ನಡುಗುತ್ತಿರುವ ನಾಯಿ ಅದನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳಬಹುದು. ಉಪ್ಪೂ ವಿಷವೇ. ಇನ್ನೊಂದು, ‘ಹೊಟ್ಟೆ ಉರಿ ಇರಬೇಕು’ ಅಂತ ಅಸಿಡಿಟಿ ಸಿರಪ್ ಕೊಡುವುದು. ಹೊಟ್ಟೆಯ ಹುಳಿಯಲ್ಲಿ ನಿಕೋಟಿನ್ ರಕ್ತಕ್ಕೆ ಸೇರುವುದು ಕಡಿಮೆ. ಆ ಹುಳಿ ಹೋಗಲಾಡಿಸಿದರೆ ಬಾಗಿಲು ತೆರೆದುಕೊಟ್ಟಂತೆ.

ಬ್ಯಾಟರಿಯನ್ನು ಮರೆಯಬೇಡಿ. ಲಿಥಿಯಂ ಬ್ಯಾಟರಿಗೆ ಹಲ್ಲು ಇಳಿದರೆ ಬಾಯಿ, ಅನ್ನನಾಳ ಸುಟ್ಟುಹೋಗಬಹುದು. ಆ ಗಾಯ ಕೆಲವೊಮ್ಮೆ ಒಂದು ದಿನ ಬಿಟ್ಟು ಕಾಣಿಸುತ್ತದೆ. ಸಿಗರೇಟ್ ಬಿಡಲು ಅಗಿಯುವ ನಿಕೋಟಿನ್ ಗಮ್ ಕೂಡ ಇದೇ ಲೆಕ್ಕ. ಅದರಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಅನ್ನುವ ಸಿಹಿ ಇದ್ದರೆ ನಾಯಿಯ ರಕ್ತದ ಸಕ್ಕರೆ ದಿಢೀರ್ ಕುಸಿಯುತ್ತದೆ.

‘ಬರೀ ಹೊಗೆ ಬಿಟ್ಟರೆ?’ ಅಂತ ಕೇಳುತ್ತಾರೆ. ಒಂದು ದಮ್ಮಿಗೆ ಬೆಕ್ಕು ಬೀಳುವುದಿಲ್ಲ, ಹೆದರಿಸುವುದು ನನಗಿಷ್ಟವಿಲ್ಲ. ಆದರೆ ಆ ಆವಿ ಗಾಳಿಯಲ್ಲಿ ಮಾಯವಾಗುವುದಿಲ್ಲ. ಸೋಫಾ, ಹಾಸಿಗೆ, ಕೂದಲಿನ ಮೇಲೆ ಕೂರುತ್ತದೆ. ಬೆಕ್ಕು ದಿನಕ್ಕೆ ಗಂಟೆಗಟ್ಟಲೆ ಮೈ ನೆಕ್ಕುವ ಪ್ರಾಣಿ, ಮೈಗೆ ಅಂಟಿದ್ದೆಲ್ಲ ಹೊಟ್ಟೆಗೆ. ಈ ಲಿಕ್ವಿಡ್‌ನ ಮುಖ್ಯ ಭಾಗವಾದ ಪ್ರೊಪಿಲೀನ್ ಗ್ಲೈಕಾಲ್ ಬೆಕ್ಕಿನ ಕೆಂಪು ರಕ್ತಕಣಗಳಿಗೆ ಆಗಿಬರುವುದಿಲ್ಲ. ಅಮೆರಿಕದಲ್ಲಿ 1996ರಲ್ಲೇ ಬೆಕ್ಕಿನ ಆಹಾರದಲ್ಲಿ ಅದನ್ನು ಬಳಸುವುದನ್ನು ನಿಷೇಧಿಸಿದರು. ಇನ್ನು ಪಂಜರದ ಬಡ್ಜಿ, ಲವ್‌ಬರ್ಡ್. ಹಕ್ಕಿಗಳಿಗೆ ಉಸಿರು ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿಯೇ ಹರಿಯುತ್ತದೆ. ಗಾಳಿಯಲ್ಲಿ ಏನಿದ್ದರೂ ನಮಗಿಂತ ಜಾಸ್ತಿ ಹೀರಿಕೊಳ್ಳುತ್ತವೆ. ಹಕ್ಕಿ ಇರುವ ಕೋಣೆಯಲ್ಲಿ ಮಾತ್ರ ಬೇಡವೇ ಬೇಡ.

ಕ್ಲಿನಿಕ್‌ಗೆ ಬರುವಾಗ ಕಚ್ಚಿದ ತುಂಡುಗಳನ್ನೆಲ್ಲ ಒಂದು ಕವರ್‌ಗೆ ಹಾಕಿ ತನ್ನಿ, ಡಬ್ಬಿ ಇದ್ದರೆ ಅದನ್ನೂ. ಬರಿಗೈಯಲ್ಲಿ ಮುಟ್ಟಬೇಡಿ. ಮೈಗೆ ಚೆಲ್ಲಿದ್ದರೆ ಮೊದಲು ಸೋಪು ನೀರಿನಲ್ಲಿ ತೊಳೆಯಿರಿ. ಎಷ್ಟು ಹೊತ್ತಾಯಿತು ಅಂತ ನೆನಪಿಟ್ಟುಕೊಳ್ಳಿ. ಮನೆಯಲ್ಲಿ ದೊಡ್ಡವರ ಮುಂದೆ ಹೇಳಲು ಆಗದಿದ್ದರೆ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರೂ ಸಾಕು.

ಆ ಬೀಗಲ್ ಮರಿ ನುಂಗಿದ್ದು ಸ್ವಲ್ಪವೇ, ಅದರಲ್ಲೂ ಬಹುಪಾಲನ್ನು ನನ್ನ ಟೇಬಲ್ ಮೇಲೆ ಕಕ್ಕಿತ್ತು. ರಾತ್ರಿ ಎರಡರ ಹೊತ್ತಿಗೆ ನಡುಕ ಇಳಿಯಿತು. ಬೆಳಿಗ್ಗೆ ಬಂದು ನೋಡಿದರೆ ಡ್ರಿಪ್ ಪೈಪ್ ಕಚ್ಚುತ್ತಾ ಕೂತಿತ್ತು. ಹುಡುಗರು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದರು.