ಆಂಟಿವೈರಸ್, ಆಂಟಿ-ಸ್ಪೈವೇರ್: ಎರಡೂ ಬೇಕಾ, ಒಂದೇ ಸಾಕಾ?

ದಾವಣಗೆರೆಯಲ್ಲಿ ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದರೆ, ಬಿಲ್ ಬರೆಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಆಂಟಿವೈರಸ್ ಹಾಕ್ಲಾ ಸಾರ್?" ಹೂಂ ಅಂದರೆ ಗಾಜಿನ ಕಪಾಟಿನಿಂದ ಒಂದು ಡಬ್ಬಿ ಇಳಿಯುತ್ತದೆ. ಬೇಡ ಅಂದರೆ "ಫ್ರೀದು ಹಾಕಿರ್ತೀನಿ ಬಿಡಿ" ಅನ್ನುತ್ತಾರೆ. ಆ ಫ್ರೀದು ಯಾವುದು? ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಆಂಟಿ-ಸ್ಪೈವೇರ್ ಅಂತ ಇದೆಯಲ್ಲ, ಅದು ಬೇರೆಯದೇ ವಸ್ತುವಾ? ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮೊದಲು ಈ ಪದಗಳನ್ನು ಬಿಡಿಸಿಕೊಳ್ಳೋಣ, ಕೊಳ್ಳುವ ಮಾತು ಆಮೇಲೆ.

ಕಂಪ್ಯೂಟರಿಗೆ ಏನೇ ಕೆಟ್ಟದ್ದು ಸೇರಿಕೊಂಡರೂ ನಾವು ವೈರಸ್ ಅಂದುಬಿಡುತ್ತೇವೆ. ಇಡೀ ಬಳಗಕ್ಕೆ ಸರಿಯಾದ ಹೆಸರು ಮಾಲ್‌ವೇರ್. ವೈರಸ್ ಅದರಲ್ಲಿ ಒಂದು ಜಾತಿ ಅಷ್ಟೇ: ಬೇರೆ ಫೈಲಿಗೋ ಡಿಸ್ಕಿಗೋ ಅಂಟಿಕೊಂಡು, ಅದನ್ನು ನೀವು ತೆರೆದಾಗ ತಾನೂ ಎದ್ದು, ಇನ್ನೊಂದಕ್ಕೆ ಅಂಟಿಕೊಳ್ಳುವಂಥದ್ದು. ಪಿಸಿಗಳ ಮೊದಲ ವೈರಸ್ ಎಂದು ಹೇಳುವ ಬ್ರೇನ್ 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಫ್ಲಾಪಿಯಿಂದ ಫ್ಲಾಪಿಗೆ ಹೋಗುತ್ತಿತ್ತು, ಅದರೊಳಗೆ ಅವರ ಅಂಗಡಿಯ ವಿಳಾಸ, ಫೋನ್ ನಂಬರ್ ಸಮೇತ ಇತ್ತು! ವರ್ಮ್ ಅನ್ನುವುದಕ್ಕೆ ನೀವು ಏನನ್ನೂ ತೆರೆಯುವುದೇ ಬೇಕಿಲ್ಲ, ನೆಟ್‌ವರ್ಕಿನಲ್ಲಿ ತಾನೇ ದಾರಿ ಹುಡುಕಿಕೊಂಡು ಬರುತ್ತದೆ. ಟ್ರೋಜನ್ ಒಳ್ಳೆಯ ಸಾಫ್ಟ್‌ವೇರಿನ ವೇಷದಲ್ಲಿ ಬರುತ್ತದೆ. ರ್‍ಯಾನ್ಸಮ್‌ವೇರ್ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತದೆ. 2017ರ ಮೇ ತಿಂಗಳಲ್ಲಿ ಸುದ್ದಿಯಾದ ವಾನಾಕ್ರೈ ಹೀಗೆ ದುಡ್ಡು ಕೇಳುವ ವರ್ಮ್. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು.

ಈಗ ಸ್ಪೈವೇರ್. ಇದು ಫೈಲು ಕೆಡಿಸುವುದಿಲ್ಲ, ಬೀಗ ಹಾಕುವುದಿಲ್ಲ, ಎಷ್ಟೋ ಸಲ ಕಂಪ್ಯೂಟರ್ ಸ್ಲೋ ಕೂಡ ಆಗುವುದಿಲ್ಲ. ನಿಮಗೆ ಗೊತ್ತಾಗದ ಹಾಗೆ ನೀವು ಮಾಡುವುದನ್ನು ನೋಡಿ, ಬರೆದಿಟ್ಟುಕೊಂಡು, ಹೊರಗೆ ಯಾರಿಗೋ ಕಳಿಸುತ್ತದೆ. ಯಾವ ಸೈಟಿಗೆ ಹೋದಿರಿ, ಬ್ರೌಸರಿನಲ್ಲಿ ಯಾವ ಪಾಸ್‌ವರ್ಡ್ ಉಳಿಸಿದ್ದೀರಿ, ಪರದೆಯ ಮೇಲೆ ಏನಿದೆ, ಕ್ಯಾಮೆರಾದಲ್ಲಿ ಏನು ಕಾಣುತ್ತಿದೆ, ಎಲ್ಲವೂ ಅದಕ್ಕೆ ಬೇಕು. ನೀವು ಒತ್ತುವ ಒಂದೊಂದು ಕೀಯನ್ನೂ ದಾಖಲಿಸುವ ಬಗೆಗೆ ಕೀಲಾಗರ್ ಅನ್ನುತ್ತಾರೆ.

ಇಲ್ಲೊಂದು ಮಜಾ ಇದೆ. ನುಡಿ ಹಾಕಿಕೊಂಡು ಕನ್ನಡ ಟೈಪ್ ಮಾಡುತ್ತೀರಲ್ಲ, ಅದೇನು ಮಾಡುತ್ತದೆ ಯೋಚಿಸಿ. ಹಿಂದೆ ಕೂತು ನೀವು ಒತ್ತಿದ ಪ್ರತಿಯೊಂದು ಕೀಯನ್ನೂ ಹಿಡಿದು, ಅದನ್ನು ಕನ್ನಡ ಅಕ್ಷರ ಮಾಡಿ ವರ್ಡ್‌ಗೆ ಕೊಡುತ್ತದೆ. ಕೀಲಾಗರ್ ಕೂಡ ಕೀಗಳನ್ನೇ ಹಿಡಿಯುವುದು. ಆದರೆ ಒಂದನ್ನು ನೀವೇ ಕರೆದು ಕೂರಿಸಿದ್ದೀರಿ, ಅದು ಹಿಡಿದದ್ದನ್ನು ನಿಮಗೇ ವಾಪಸ್ ಕೊಡುತ್ತದೆ, ಎಲ್ಲಿಗೂ ಕಳಿಸುವುದಿಲ್ಲ. ಇನ್ನೊಂದು ಹೇಳದೆ ಕೇಳದೆ ಬಂದದ್ದು, ಹಿಡಿದದ್ದನ್ನು ಬೇರೆಯವರಿಗೆ ಮುಟ್ಟಿಸುತ್ತದೆ. ಅಂದರೆ ಒಂದು ಪ್ರೋಗ್ರಾಮ್ ಏನು ಮಾಡುತ್ತದೆ ಅಂತ ನೋಡಿದರೆ ಸಾಲದು, ಯಾರ ಒಪ್ಪಿಗೆಯಿಂದ, ಯಾರಿಗಾಗಿ ಮಾಡುತ್ತದೆ ಅಂತಲೂ ನೋಡಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಆಂಟಿವೈರಸ್ ಆರಿಸುವಾಗಲೂ ಇದೇ ಬೇಕಾಗುತ್ತದೆ.

ಹಾಗಾದರೆ ಎರಡು ಹೆಸರು ಯಾಕೆ ಬಂತು? 2000ದ ಆಚೀಚೆ ಆಂಟಿವೈರಸ್ ಕಂಪನಿಗಳ ಗಮನವೆಲ್ಲ ವೈರಸ್, ವರ್ಮ್‌ಗಳ ಮೇಲಿತ್ತು. ಫ್ರೀ ಹಾಡಿನ ಪ್ಲೇಯರ್, ಫ್ರೀ ಟೂಲ್‌ಬಾರ್ ಜೊತೆ ಅಂಟಿಕೊಂಡು ಬರುತ್ತಿದ್ದ ಗೂಢಚಾರ ಪ್ರೋಗ್ರಾಮುಗಳನ್ನು ಮುಟ್ಟುವುದು ಅವರಿಗೆ ಸ್ವಲ್ಪ ಕಷ್ಟವಾಗಿತ್ತು, ಯಾಕೆಂದರೆ ಯಾರೂ ಓದದ ಉದ್ದದ ಒಪ್ಪಂದದಲ್ಲಿ ಎಲ್ಲೋ ಒಂದು ಸಾಲು ಇರುತ್ತಿತ್ತು, ನಾವು 'ಐ ಅಗ್ರೀ' ಒತ್ತಿರುತ್ತಿದ್ದೆವು. ಆ ಜಾಗ ತುಂಬಲು ಆ್ಯಡ್-ಅವೇರ್, ಸ್ಪೈಬಾಟ್ ಥರದ ಬೇರೆ ಸಾಫ್ಟ್‌ವೇರುಗಳು ಬಂದವು. ಮೈಕ್ರೋಸಾಫ್ಟ್ 2004ರ ಡಿಸೆಂಬರಿನಲ್ಲಿ ಜೈಂಟ್ ಅನ್ನುವ ಸಣ್ಣ ಕಂಪನಿಯನ್ನು ಕೊಂಡು ಅವರ ಆಂಟಿ-ಸ್ಪೈವೇರನ್ನೇ ಮುಂದೆ ವಿಂಡೋಸ್ ಡಿಫೆಂಡರ್ ಮಾಡಿತು. ವಿಸ್ತಾ, ವಿಂಡೋಸ್ 7ರಲ್ಲಿದ್ದ ಡಿಫೆಂಡರ್ ಸ್ಪೈವೇರ್ ಮಾತ್ರ ನೋಡುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಅದು ಪೂರ್ತಿ ಆಂಟಿವೈರಸ್ ಆಯಿತು. ಉಳಿದ ಕಂಪನಿಗಳೂ ಅಷ್ಟರಲ್ಲಿ ಎರಡನ್ನೂ ಕೂಡಿಸಿಬಿಟ್ಟಿದ್ದವು. ಹಾಗಾಗಿ ತಲೆಬರಹದ ಪ್ರಶ್ನೆಗೆ ಉತ್ತರ: ಒಂದೇ ಸಾಕು. ಇವತ್ತು ಆಂಟಿ-ಸ್ಪೈವೇರ್‌ಗೆ ಅಂತ ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ಒಂದೇ ಸಾಕು ಅನ್ನುವುದಕ್ಕಿಂತ ಎರಡು ಬೇಡ ಅನ್ನುವುದು ಇನ್ನೂ ಸರಿ. ಸದಾ ಎಚ್ಚರವಿದ್ದು ಪ್ರತಿ ಫೈಲನ್ನೂ ತಡೆದು ನೋಡುವ ಕೆಲಸಕ್ಕೆ ರಿಯಲ್-ಟೈಮ್ ಪ್ರೊಟೆಕ್ಷನ್ ಅನ್ನುತ್ತಾರೆ. ಇಂಥವು ಎರಡು ಕೂತರೆ ಒಂದೇ ಫೈಲಿಗೆ ಎರಡೂ ಕೈ ಹಾಕುತ್ತವೆ, ಒಂದನ್ನು ಕಂಡು ಇನ್ನೊಂದು ಅನುಮಾನ ಪಡುತ್ತದೆ, ನಿಮ್ಮ 4 ಜಿಬಿ ರ್‍ಯಾಮ್ ಇವುಗಳ ಜಗಳದಲ್ಲೇ ಮುಗಿಯುತ್ತದೆ. ಅದಕ್ಕೇ ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಅದನ್ನು ತೆಗೆದರೆ ಮತ್ತೆ ಬರುತ್ತದೆ. ಅವಧಿ ಮುಗಿದ ಆಂಟಿವೈರಸ್ಸನ್ನು 'ಇರಲಿ ಬಿಡು' ಅಂತ ಹಾಗೇ ಇಟ್ಟುಕೊಳ್ಳುವವರು ನಮ್ಮಲ್ಲಿ ಜಾಸ್ತಿ. ಹೊಸ ಮಾಲ್‌ವೇರಿನ ಮಾಹಿತಿ ಬರುವುದು ನಿಂತ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ರಿನ್ಯೂ ಮಾಡಿ, ಇಲ್ಲವೇ ಅನ್‌ಇನ್‌ಸ್ಟಾಲ್ ಮಾಡಿ ಡಿಫೆಂಡರಿಗೆ ಜಾಗ ಬಿಡಿ.

ಹಿಡಿಯುವುದು ಹೇಗೆ ಅಂತ ಚೂರು ನೋಡೋಣ. ಹಳೆಯ ವಿಧಾನ ಸಿಗ್ನೇಚರ್. ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಜೇಬುಗಳ್ಳರ ಫೋಟೊ ಅಂಟಿಸಿರುತ್ತಾರಲ್ಲ, ಹಾಗೆ: ಗೊತ್ತಿರುವ ಕಳ್ಳ ಬಂದರೆ ಸಿಗುತ್ತಾನೆ, ಹೊಸಬ ಪಕ್ಕದಲ್ಲೇ ಹಾದುಹೋಗುತ್ತಾನೆ. ಅದಕ್ಕೇ ಈಗಿನವು ನಡವಳಿಕೆಯನ್ನೂ ನೋಡುತ್ತವೆ. ಕ್ಯಾಲ್ಕ್ಯುಲೇಟರ್ ಅಂತ ಹೇಳಿಕೊಂಡ ಪ್ರೋಗ್ರಾಮ್ ಒಂದೇ ಸಮ ನೂರಾರು ಫೋಟೊಗಳನ್ನು ಬದಲಾಯಿಸಲು ಶುರು ಮಾಡಿದರೆ, ಹೆಸರು ಗೊತ್ತಿಲ್ಲದಿದ್ದರೂ ತಡೆಯುತ್ತವೆ. ಅನುಮಾನ ಬಂದ ಫೈಲಿನ ಗುರುತನ್ನು, ಕೆಲವು ಸಲ ಫೈಲನ್ನೇ, ಕಂಪನಿಯ ಸರ್ವರಿಗೆ ಕಳಿಸಿ ವಿಚಾರಿಸುತ್ತವೆ. ಇದರಲ್ಲಿ ತಪ್ಪೂ ಆಗುತ್ತದೆ, ಒಳ್ಳೆಯ ಫೈಲನ್ನು ಕೆಟ್ಟದ್ದು ಅನ್ನುವುದುಂಟು. ಹಿಡಿದದ್ದನ್ನು ನೇರ ಅಳಿಸದೆ ಕ್ವಾರಂಟೈನ್‌ನಲ್ಲಿ ಇಡುವುದು ಅದಕ್ಕೇ. ಅಲ್ಲಿಂದ ವಾಪಸ್ ತರಬಹುದು.

ನಮ್ಮ ಊರಿನಲ್ಲಿ ಮಾಲ್‌ವೇರ್ ಬರುವ ದೊಡ್ಡ ದಾರಿ ಯಾವುದು ಅಂದರೆ ನಾನು ಪೆನ್‌ಡ್ರೈವ್ ಅನ್ನುತ್ತೇನೆ. ದಾವಣಗೆರೆ ಅಂದರೆ ಕಾಲೇಜುಗಳ ಊರು. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ವಾರದಲ್ಲಿ ಕಾಲೇಜಿನ ಎದುರಿನ ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷ ನಿಂತು ನೋಡಿ, ಒಂದು ಡ್ರೈವ್ ಕಿತ್ತು ಇನ್ನೊಂದು ಚುಚ್ಚುತ್ತಲೇ ಇರುತ್ತಾರೆ. ಒಂದರಲ್ಲಿದ್ದದ್ದು ಸಂಜೆಯೊಳಗೆ ಎಷ್ಟು ಮನೆ ಸೇರುತ್ತದೋ! ಮನೆಗೆ ಬಂದು ಡ್ರೈವ್ ತೆರೆದರೆ 'ಪ್ರಾಜೆಕ್ಟ್' ಅನ್ನುವ ಫೋಲ್ಡರ್ ಹಾಗೇ ಇರುತ್ತದೆ, ಆದರೆ ಐಕಾನಿನ ಕೆಳಗೆ ಎಡಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಅದು ಫೋಲ್ಡರ್ ಅಲ್ಲವೇ ಅಲ್ಲ, ಅದೇ ಹೆಸರಿನ ಶಾರ್ಟ್‌ಕಟ್. ನಿಮ್ಮ ನಿಜವಾದ ಫೋಲ್ಡರನ್ನು ಅಡಗಿಸಿಟ್ಟು ಅದರ ಜಾಗದಲ್ಲಿ ಇದು ಕೂತಿದೆ. ಡಬಲ್ ಕ್ಲಿಕ್ ಮಾಡಿದರೆ ಮೊದಲು ಮಾಲ್‌ವೇರ್ ಓಡುತ್ತದೆ, ಆಮೇಲೆ ಅಸಲಿ ಫೋಲ್ಡರೂ ತೆರೆದುಕೊಳ್ಳುತ್ತದೆ. ಫೈಲುಗಳು ಸರಿಯಾಗೇ ಕಾಣುವುದರಿಂದ ಯಾರಿಗೂ ಡೌಟೇ ಬರುವುದಿಲ್ಲ.

ಹಾಗೆ ಕಂಡರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಫೈಲು ಎಲ್ಲೂ ಹೋಗಿಲ್ಲ, ಸುಮ್ನೆ ಅಡಗಿದೆ ಅಷ್ಟೇ. ಬಾಣದ ಗುರುತಿನ ಯಾವುದನ್ನೂ ಮುಟ್ಟದೆ ಇಡೀ ಡ್ರೈವನ್ನು ಸ್ಕ್ಯಾನ್ ಮಾಡಿಸಿ. ಆಮೇಲೆ ಎಕ್ಸ್‌ಪ್ಲೋರರಿನಲ್ಲಿ ಹಿಡನ್ ಫೈಲ್ ತೋರಿಸುವ ಆಯ್ಕೆ ಹಾಕಿ. ಅದರಲ್ಲೂ ಕಾಣದಿದ್ದರೆ ಸಿಸ್ಟಂ ಫೈಲುಗಳನ್ನು ಅಡಗಿಸುವ ಟಿಕ್ಕನ್ನೂ ತೆಗೆಯಿರಿ, ಅಸಲಿ ಫೋಲ್ಡರ್ ಮಸುಕಾಗಿ ಕಾಣುತ್ತದೆ. ಒಳಗಿನದನ್ನು ಕಾಪಿ ಮಾಡಿಕೊಳ್ಳಿ.

ಎರಡನೆಯ ದಾರಿ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಲೈಸೆನ್ಸ್ ಇಲ್ಲದ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೋಶಾಪ್. ಇವುಗಳ ಜೊತೆ ಬರುವ ಆಕ್ಟಿವೇಟರ್ ಮೊದಲು ಕೇಳುವುದೇ 'ಆಂಟಿವೈರಸ್ ಆಫ್ ಮಾಡಿ' ಅಂತ. ಎಲ್ಲ ಆಕ್ಟಿವೇಟರಿನಲ್ಲೂ ಸ್ಪೈವೇರ್ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇರುವುದನ್ನು ಹಿಡಿಯಬೇಕಾದವನನ್ನೇ ಹೊರಗೆ ನಿಲ್ಲಿಸಿ ಬಾಗಿಲು ತೆರೆದಿರುತ್ತೀರಿ, ಅಲ್ವಾ? ಅಂಗಡಿಯವರು ಹಾಕಿಕೊಟ್ಟಿದ್ದರೆ ಒಂದು ಕೆಲಸ ಮಾಡಿ. ಸ್ಟಾರ್ಟ್ ಮೆನುವಿನಿಂದ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ, ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತ ಇರುವುದನ್ನು ನೋಡಿ. ಸ್ಕ್ಯಾನ್ ಮಾಡಬಾರದು ಅಂತ ಬಿಟ್ಟಿರುವ ಜಾಗಗಳ ಪಟ್ಟಿ ಅದು. ನೀವೇ ಹಾಕಿಲ್ಲದಿದ್ದರೆ ಖಾಲಿ ಇರಬೇಕು. ಅಲ್ಲಿ ಇಡೀ ಸಿ ಡ್ರೈವ್ ಕೂತಿದ್ದರೆ, ಹಸಿರು ಟಿಕ್ ಕಾಣುತ್ತಿದ್ದರೂ ನಿಮ್ಮ ಕಂಪ್ಯೂಟರಿಗೆ ಕಾವಲಿಲ್ಲ. ತೆಗೆದುಹಾಕಿ ಫುಲ್ ಸ್ಕ್ಯಾನ್ ಕೊಡಿ.

ಸರಿ, ಯಾವುದನ್ನು ಆರಿಸುವುದು? ವಿಂಡೋಸ್ 11 ಅಸಲಿ ಇದ್ದು, ಅಪ್‌ಡೇಟ್ ಆಗುತ್ತಿದ್ದರೆ, ಮನೆಯ ಬಳಕೆಗೆ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲೇ ಇರುವವರು ಹೊಸ ಆಂಟಿವೈರಸ್ ಕೊಂಡುಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ವಿಂಡೋಸಿನದೇ ಕಂಡಿಗಳನ್ನು ಆಂಟಿವೈರಸ್ ಮುಚ್ಚಲಾರದು, ವಾನಾಕ್ರೈ ಕಥೆ ಮೇಲೇ ಹೇಳಿದೆನಲ್ಲ.

ದುಡ್ಡು ಕೊಟ್ಟೇ ಕೊಳ್ಳುತ್ತೇನೆ ಅನ್ನುವವರು ಡಬ್ಬಿಯ ಬೆನ್ನು ಓದುವ ಬದಲು ಪರೀಕ್ಷೆಯ ಫಲಿತಾಂಶ ಓದಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಅನ್ನುವ ಸಂಸ್ಥೆಗಳು ಇವುಗಳನ್ನು ಸಾಲಾಗಿ ಕೂರಿಸಿ ಪರೀಕ್ಷೆ ಮಾಡುತ್ತವೆ, ಫಲಿತಾಂಶ ಪುಕ್ಕಟೆ ಸಿಗುತ್ತದೆ. ಎವಿ-ಟೆಸ್ಟ್ ಕೊಡುವುದು ಮೂರು ವಿಷಯಕ್ಕೆ ತಲಾ 6ರಂತೆ 18 ಅಂಕ: ಎಷ್ಟು ಹಿಡಿಯಿತು, ಕಂಪ್ಯೂಟರನ್ನು ಎಷ್ಟು ನಿಧಾನ ಮಾಡಿತು, ಸುಳ್ಳು ಎಚ್ಚರಿಕೆ ಎಷ್ಟು ಕೊಟ್ಟಿತು. ಮೊದಲಿನದರಲ್ಲಿ ಈಗ ಹೆಚ್ಚುಕಡಿಮೆ ಎಲ್ಲವೂ ಚೆನ್ನಾಗೇ ಪಾಸಾಗುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಇರುವ ಮನೆಯ ಕಂಪ್ಯೂಟರಿಗೆ ಎರಡನೆಯ ಅಂಕ ಮುಖ್ಯ. ನಮ್ಮ ದೇಶದವೇ ಬೇಕು ಅಂದರೆ ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಇವೆ. ಪಿಸಿ ಕ್ಲೀನರ್, ಬೂಸ್ಟರ್, ವಿಪಿಎನ್ ಅಂತ ಜೊತೆಗೆ ತುಂಬಿರುವುದನ್ನು ನೋಡಿ ಮರುಳಾಗಬೇಡಿ. ಆನ್‌ಲೈನಿನಲ್ಲಿ ಕೊಂಡರೆ ಮೊದಲ ವರ್ಷದ ರೇಟಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ರಿನ್ಯೂವಲ್ ರೇಟ್ ಓದಿ, ಬೇಡವಾದರೆ ಆಟೊ-ರಿನ್ಯೂ ಅವತ್ತೇ ಆಫ್ ಮಾಡಿ.

ರೇಟು, ಅಂಕ ಎರಡಕ್ಕಿಂತ ಮೇಲೆ ನಾನು ಇಡುವುದು ಇನ್ನೊಂದಿದೆ. ನುಡಿಯ ಮಾತಲ್ಲಿ ಹೇಳಿದೆನಲ್ಲ, ಯಾರ ಒಪ್ಪಿಗೆ, ಯಾರಿಗಾಗಿ ಅಂತ. ಆಂಟಿವೈರಸ್ ನಿಮ್ಮ ಎಲ್ಲ ಫೈಲು ನೋಡುತ್ತದೆ, ನೀವು ಹೋಗುವ ಸೈಟುಗಳನ್ನು ನೋಡುತ್ತದೆ. ನೋಡದಿದ್ದರೆ ಅದರ ಕೆಲಸ ನಡೆಯುವುದಿಲ್ಲ. ನೋಡಿದ್ದನ್ನು ಏನು ಮಾಡುತ್ತದೆ ಅನ್ನುವುದೇ ಪ್ರಶ್ನೆ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಬಳಸುವ ಅವಾಸ್ಟ್ ಕಂಪನಿ, ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು ಅನ್ನುವುದು 2020ರಲ್ಲಿ ಸುದ್ದಿಯಾಗಿ, ಆ ಅಂಗಸಂಸ್ಥೆ ಬಾಗಿಲು ಹಾಕಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಈ ಪ್ರಕರಣದಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಸ್ಪೈವೇರ್ ತಡೆಯಲು ಹಾಕಿಕೊಂಡದ್ದೇ ಹೀಗೆ ಮಾಡಿದರೆ ಏನನ್ನುವುದು ಹೇಳಿ! ಆದ್ದರಿಂದ ಯಾವುದನ್ನೇ ಹಾಕಿ, ಸೆಟ್ಟಿಂಗ್ಸಿನಲ್ಲಿ ಪ್ರೈವೆಸಿ ಪುಟ ತೆರೆದು ಮಾಹಿತಿ ಹಂಚಿಕೊಳ್ಳುವ ಟಿಕ್ಕುಗಳನ್ನು ನೋಡಿ. ಮೂರನೆಯವರಿಗೆ, ಜಾಹೀರಾತಿಗೆ ಅಂತ ಇರುವವನ್ನು ತೆಗೆಯಿರಿ.

ಇರುವ ಆಂಟಿವೈರಸ್ ಮೇಲೇ ಅನುಮಾನ ಬಂದರೆ ಎರಡನೆಯದನ್ನು ಕಾಯಂ ಕೂರಿಸಬೇಡಿ, ಕರೆದಾಗ ಬಂದು ಒಮ್ಮೆ ಸ್ಕ್ಯಾನ್ ಮಾಡಿ ಹೋಗುವಂಥದ್ದನ್ನು ಬಳಸಿ. ಮಾಲ್‌ವೇರ್‌ಬೈಟ್ಸ್‌ನ ಫ್ರೀ ಆವೃತ್ತಿ ಅಂಥದ್ದು. ಕೇಂದ್ರ ಸರ್ಕಾರವೇ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟಿನಲ್ಲಿ ಕೂಡ ಇಂಥ ಉಚಿತ ಟೂಲುಗಳಿವೆ, ಸೈಬರ್ ಸೆಂಟರ್ ನಡೆಸುವವರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಹಾಕಿರುವುದು ಎಚ್ಚರ ಇದೆಯೋ ನಿದ್ದೆ ಹೋಗಿದೆಯೋ ನೋಡಲು ಐಕಾರ್ ಅನ್ನುವ ಪರೀಕ್ಷಾ ಫೈಲ್ ಇದೆ. 68 ಅಕ್ಷರದ ಒಂದು ಸಾಲು, ಏನೂ ಹಾನಿ ಮಾಡುವುದಿಲ್ಲ. ಆದರೆ ಕಂಡ ಕೂಡಲೇ ಬೊಬ್ಬೆ ಹೊಡೆಯಬೇಕು ಅಂತ ಹೆಚ್ಚಿನ ಆಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಅದನ್ನು ಐಕಾರ್ ಸಂಸ್ಥೆಯ ಸೈಟಿನಿಂದಲೇ ಇಳಿಸಿ ನೋಡಿ.

ಬಲಮೂಲೆಯಲ್ಲಿ ಆಗಾಗ ಚಿಮ್ಮುವ 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈಗಲೇ ಕ್ಲೀನ್ ಮಾಡಿ' ಅನ್ನುವ ಚೀಟಿ ಬಹಳ ಸಲ ಆಂಟಿವೈರಸ್ಸಿನದಲ್ಲ. ಯಾವುದೋ ಸೈಟಿನಲ್ಲಿ ಅಲೋ ಒತ್ತಿದ್ದಕ್ಕೆ ಬ್ರೌಸರ್ ತೋರಿಸುವ ನೋಟಿಫಿಕೇಷನ್. ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಬ್ರೌಸರಿನ ಹೆಸರು, ಸೈಟಿನ ವಿಳಾಸ ಇರುತ್ತದೆ. ಬ್ರೌಸರ್ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಷನ್ ಪಟ್ಟಿಯಿಂದ ಆ ಸೈಟನ್ನು ತೆಗೆದರೆ ನಿಲ್ಲುತ್ತದೆ.

ಇನ್ನೊಂದನ್ನು ಮಾತ್ರ ಯಾವ ಆಂಟಿವೈರಸ್ಸೂ ಹಿಡಿಯುವುದು ಕಷ್ಟ. ಬ್ಯಾಂಕಿನವರು ಅಂತ ಫೋನ್ ಮಾಡಿ ಎನಿಡೆಸ್ಕ್ ಥರದ್ದನ್ನು ಹಾಕಿಸಿ, ನಂಬರ್ ಕೇಳಿ, ನಿಮ್ಮ ಪರದೆಯನ್ನು ಅವರು ನೋಡುತ್ತಾರೆ. ಎನಿಡೆಸ್ಕ್ ಕಳ್ಳ ಸಾಫ್ಟ್‌ವೇರ್ ಅಲ್ಲ, ಆಫೀಸುಗಳಲ್ಲಿ ದಿನಾ ಬಳಸುತ್ತಾರೆ, ಒಪ್ಪಿಗೆ ಕೊಟ್ಟವರೂ ನೀವೇ. ಹಾಗಾಗಿ ಆಂಟಿವೈರಸ್ ಸುಮ್ಮನಿರುತ್ತದೆ. ಅಂಥ ಕರೆ ಬಂದು ಹಾಕಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಿತ್ತುಹಾಕಿ, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಪಾಸ್‌ವರ್ಡುಗಳನ್ನು ಬೇರೆ ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ಬದಲಾಯಿಸಿ, ಸ್ಕ್ಯಾನ್ ಆಮೇಲೆ.