ಹಿಮ ನಿಂತ ಮರುದಿನದ ಬಿಸಿಲನ್ನು ನಂಬಬೇಡಿ

ಗುಲ್ಮಾರ್ಗ್‌ನಲ್ಲಿ ಎರಡು ದಿನ ಬಿಡದೆ ಸುರಿದ ಹಿಮ ನಿಂತು, ಬೆಳಿಗ್ಗೆ ಆಕಾಶ ತಿಳಿಯಾಗಿ ಅಫರ್ವತ್ ಬೆಟ್ಟ ಬಿಸಿಲಿಗೆ ಹೊಳೆಯೋಕೆ ಶುರುವಾದರೆ ಸಾಕು, ನನ್ನ ಫೋನ್ ಬಡಿದುಕೊಳ್ಳುತ್ತದೆ. "ಸರ್, ಬಿಸಿಲು ಬಂತಲ್ಲ, ಸ್ಕೀ ಮಾಡೋಕೆ ಮೇಲೆ ಹೋಗೋಣ್ವಾ?" ಬೆಂಗಳೂರಿನಿಂದ ಬಂದವರಾದರೆ ರಜೆ ಬೇರೆ ಮುಗಿಯುತ್ತಾ ಬಂದಿರುತ್ತದೆ. ಆದರೂ ಬೇಡ ಅನ್ನುತ್ತೇನೆ. ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನವೇ ಅಪಾಯ ಜಾಸ್ತಿ.

ನಮ್ಮ ಪತ್ರಿಕೆಗಳಲ್ಲಿ ಹಿಮ ಬಿದ್ದರೂ ಹಿಮಪಾತ, ಬೆಟ್ಟದಿಂದ ಹಿಮ ಜಾರಿ ಬಂದರೂ ಹಿಮಪಾತ. ನಾನು ಎರಡನೆಯದನ್ನು ಹಿಮಕುಸಿತ ಅನ್ನುತ್ತೇನೆ. ಅದಕ್ಕೆ ಹೊಸ ಹಿಮದ ಭಾರ ಒಂದೇ ಸಾಲದು, ಅಡಿಯಲ್ಲಿ ಸಡಿಲ ಪದರವೂ ಇರಬೇಕು. ಹಿಮ ಕಡಿಮೆ ಬಿದ್ದು ವಾರಗಟ್ಟಲೆ ಒಣಹವೆ ಇದ್ದರೆ ಈ ಪದರ ತಯಾರಾಗುತ್ತದೆ. ನೆಲದ ಹತ್ತಿರ ಉಷ್ಣಾಂಶ ಸೊನ್ನೆಯ ಆಸುಪಾಸು, ಮೇಲ್ಮೈಯಲ್ಲಿ ರಾತ್ರಿ ಮೈನಸ್ 15. ತೆಳು ಹಿಮದಲ್ಲಿ ಇಷ್ಟು ವ್ಯತ್ಯಾಸ ಇದ್ದಾಗ ಕೆಳಗಿನಿಂದ ಆವಿ ಏರಿ, ಕಣಗಳು ಒಂದಕ್ಕೊಂದು ಅಂಟದ ಹರಳಾಗುತ್ತವೆ. ಕೈಗೆ ತಗೊಂಡರೆ ಸಕ್ಕರೆ ಥರ ಸುರಿದುಹೋಗುತ್ತದೆ, ಉಂಡೆ ಕಟ್ಟೋಕೇ ಆಗಲ್ಲ. ಅದರ ಮೇಲೆ ಗಟ್ಟಿ ಹಿಮ ಕೂತರೆ, ಕಣದಲ್ಲಿ ಹರಡಿದ ರಾಗಿಯ ಮೇಲೆ ಹಲಗೆ ಇಟ್ಟ ಹಾಗೆ. 2024ರ ಜನವರಿ ಗುಲ್ಮಾರ್ಗ್‌ನಲ್ಲಿ ಬಹುತೇಕ ಒಣಗಿತ್ತು, ಫೆಬ್ರವರಿಯಲ್ಲಿ ಭಾರಿ ಹಿಮ ಬಿತ್ತು. 22ರಂದು ಆದ ಹಿಮಕುಸಿತದಲ್ಲಿ ರಷ್ಯಾದ ಒಬ್ಬ ಸ್ಕೀಯರ್ ತೀರಿಕೊಂಡರು.

ಗಾಳಿಯನ್ನೂ ನೋಡಬೇಕು. ಒಂದು ಬದಿಯ ಹಿಮವನ್ನು ಗುಡಿಸಿ ಮರೆಯ ಬದಿಗೆ ಪೇರಿಸಿಬಿಡುತ್ತದೆ. ಹಳ್ಳಿಯಲ್ಲಿ ಒಂದು ಅಡಿ ಬಿದ್ದಿದ್ದರೆ ಆ ಇಳಿಜಾರಿನಲ್ಲಿ ಮೂರಡಿ ಕೂತಿರಬಹುದು.

ಇನ್ನು ಹಿಮದ ಪದರಗಳನ್ನು ಪರೀಕ್ಷಿಸೋಕೆ ಗುಂಡಿ ತೋಡುವ ವಿಷಯ. ಹೋಗಬೇಕೆಂದಿರುವ ಇಳಿಜಾರು ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ಮುಖ ಮಾಡಿದ ಸುರಕ್ಷಿತ ಜಾಗದಲ್ಲಿ ತೋಡಿ, 30 ಸೆಂ.ಮೀ. ಅಗಲ, ಅಷ್ಟೇ ಉದ್ದದ ಕಂಬವೊಂದನ್ನು ಸುತ್ತಲಿನ ಹಿಮದಿಂದ ಬಿಡಿಸುತ್ತೇನೆ. ಮೇಲೆ ಸಲಿಕೆಯ ಬಾಯಿ ಇಟ್ಟು ಮಣಿಕಟ್ಟಿನಿಂದ 10 ಏಟು, ಮೊಣಕೈಯಿಂದ 10, ಭುಜದಿಂದ 10. ಎಷ್ಟನೇ ಏಟಿಗೆ ಒಡೆಯಿತು ಅನ್ನುವುದಕ್ಕಿಂತ ಹೇಗೆ ಒಡೆಯಿತು ಅನ್ನುವುದನ್ನು ನಾನು ಹೆಚ್ಚು ನೋಡುತ್ತೇನೆ. ಪುಡಿಪುಡಿಯಾದರೆ ಚಿಂತೆ ಕಡಿಮೆ. ಮೇಜಿನ ಡ್ರಾಯರ್ ಎಳೆದಂತೆ ನುಣ್ಣಗೆ ಮುಂದೆ ಬಂದರೆ ಆ ದಿನ ಅಲ್ಲಿಗೆ ಹೋಗುವುದಿಲ್ಲ. ಇದು ಆ ಒಂದು ಜಾಗದ ಕಥೆ ಅಷ್ಟೇ, ಹತ್ತು ಮೀಟರ್ ಆಚೆ ಬೇರೆ ಇರಬಹುದು, ಹಾಗಾಗಿ ಗುಂಡಿ ಚೆನ್ನಾಗಿ ಕಂಡಿತು ಅಂತ ಧೈರ್ಯ ಮಾಡಬಾರದು. ಕಾಲಡಿ 'ಧುಮ್' ಅಂದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಎದುರು ಬೆಟ್ಟದಲ್ಲಿ ಹೊಸ ಕುಸಿತ ಕಂಡರೆ ಗುಂಡಿಯೂ ಬೇಕಿಲ್ಲ. ವಾಪಸ್ ಬನ್ನಿ.

ಸಿಯಾಚಿನ್‌ನಲ್ಲಿ 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕ ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರನ್ನು ಎಲ್ಲರೂ ನೆನೆಯುತ್ತಾರೆ. ನನಗೂ ಆ ಹೆಸರು ಕೇಳಿದರೆ ಗಂಟಲು ಕಟ್ಟುತ್ತದೆ. ಫೆಬ್ರವರಿ 11ರಂದು ಅವರೂ ಹೋಗಿಬಿಟ್ಟರು. ಸಾಮಾನ್ಯವಾಗಿ ಹೂತುಹೋದವರಿಗೆ ಸಿಗುವುದು 15 ನಿಮಿಷ, ಆಮೇಲೆ ಉಳಿಯುವವರ ಸಂಖ್ಯೆ ಸರ್ರನೆ ಇಳಿಯುತ್ತದೆ. ಹೊರಗಿನಿಂದ ಸಹಾಯ ಅಷ್ಟರಲ್ಲಿ ಬರಲ್ಲ. ಹೂತವರನ್ನು ಹುಡುಕೋಕೆ ಸಂಕೇತ ಕಳಿಸುವ ಬೀಕನ್, ಹಿಮ ಚುಚ್ಚಿ ನೋಡುವ ಉದ್ದ ಕಡ್ಡಿ, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸೋಕೂ ಬರಬೇಕು.

ಹೋದ ಚಳಿಗಾಲ ಹುಬ್ಬಳ್ಳಿಯ ಇಬ್ಬರು ಹುಡುಗರ ಎದುರೇ ಗುಂಡಿ ತೋಡಿದ್ದೆ. 13ನೇ ಏಟಿಗೆ ಮೇಲಿನ ಗಡ್ಡೆ ಹಾಗೇ ಜಾರಿ ನನ್ನ ಮೊಣಕಾಲ ಮೇಲೆ ಬಿತ್ತು. ಅದರಡಿಯ ಹರಳನ್ನು ಅವರ ಅಂಗೈಗೆ ಸುರಿದೆ. ಇಬ್ಬರೂ ಸುಮ್ನೆ ನೋಡಿದರು. ಹಿಮ ಸಾಮಾನ್ಯವಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹಾಗಾಗಿ ತಲೆ ಮೇಲೆ ಕಡಿದಾದ ಬೆಟ್ಟವಿಲ್ಲದ ಕಡೆ, ಮರಗಳ ನಡುವೆ, 25 ಡಿಗ್ರಿ ಒಳಗೇ ಸಂಜೆವರೆಗೂ ಸ್ಕೀ ಮಾಡಿದೆವು.