ಸೊನ್ನೆ ಬೇರೆ, ಖಾಲಿ ಬೇರೆ

ಗಂಗಾವತಿ ಸುತ್ತ ಭತ್ತದ ಲೆಕ್ಕ ನಡೆಯುವುದು 75 ಕಿಲೋ ಚೀಲದಲ್ಲಿ. ಭತ್ತ ಹಸಿ ಇದ್ದರೆ ಚೀಲಕ್ಕೆ ಇಷ್ಟು ಕಿಲೋ ಎಂದು ತೂಕದಲ್ಲಿ ಕಡಿತ ಹಿಡಿಯುತ್ತಾರೆ. ಇಲ್ಲಿನ ಒಂದು ದಲಾಲಿ ಅಂಗಡಿಗೆ ನಾನು ಜಾವಾಸ್ಕ್ರಿಪ್ಟ್‌ನಲ್ಲಿ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಗುಮಾಸ್ತರು ಕಡಿತದ ಜಾಗ ಖಾಲಿ ಬಿಟ್ಟರೆ ಪ್ರೋಗ್ರಾಂ ತಾನೇ ಚೀಲಕ್ಕೆ 2 ಕಿಲೋ ಹಿಡಿಯಬೇಕು. ಅಂಕಿ ಬರೆದರೆ ಆ ಅಂಕಿಯನ್ನೇ ಹಿಡಿಯಬೇಕು. ಅದಕ್ಕೆ ನಾನು ಬರೆದದ್ದು ಇಷ್ಟೇ: ಕಡಿತ || 2.

ಸುಗ್ಗಿಯಲ್ಲಿ ಒಬ್ಬ ರೈತರು 40 ಚೀಲ ತಂದರು. ಚೆನ್ನಾಗಿ ಒಣಗಿದ ಭತ್ತ. ಗುಮಾಸ್ತರು ಕಡಿತ 0 ಎಂದು ಒತ್ತಿದರು. ಬಿಲ್ಲಿನಲ್ಲಿ 80 ಕಿಲೋ ಕಡಿತ ಬಂತು!

"ಒಣ ಭತ್ತಕ್ಕ ಕಡತ ಯಾಕ ಹಿಡದೀರಿ ಅಣ್ಣಾರ?"

ಕೇಳಿದ್ದು ನ್ಯಾಯವೇ. ಒಂದು ಚೀಲಕ್ಕಿಂತ ಜಾಸ್ತಿ ಭತ್ತ ಅದು. ಬಿಲ್ಲನ್ನು ಅಲ್ಲೇ ತಿದ್ದಿದರು, ನನಗೆ ಫೋನ್ ಬಂತು.

|| ಗುರುತು ಎಡಗಡೆ ಇರುವುದು 'ನಿಜ'ವೋ 'ಸುಳ್ಳೋ' ಎಂದು ನೋಡುತ್ತದೆ. ಸುಳ್ಳಾದರೆ ಬಲಗಡೆಯದನ್ನು ಕೊಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಖಾಲಿ ಪಠ್ಯವೂ ಸುಳ್ಳು, 0 ಕೂಡ ಸುಳ್ಳು. ಆದರೆ ನಾನು 0 ಹಾಕಿ ಪರೀಕ್ಷೆ ಮಾಡಿದ್ದೆ, ಆಗ ಸರಿಯಾಗೇ ಬಂದಿತ್ತು! ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಪರದೆಯ ಮೇಲೆ ಒತ್ತಿದ್ದು ಪ್ರೋಗ್ರಾಂಗೆ ಪಠ್ಯವಾಗಿ ಬರುತ್ತದೆ. "0" ಎಂಬ ಪಠ್ಯದಲ್ಲಿ ಒಂದು ಅಕ್ಷರ ಇದೆಯಲ್ವಾ, ಹಾಗಾಗಿ ಅದು ನಿಜ. ಆಮೇಲೆ ಲೆಕ್ಕಕ್ಕೆ ಬೇಕೆಂದು ಅದನ್ನು ಸಂಖ್ಯೆಗೆ ಬದಲಾಯಿಸುವ ಸಾಲು ಸೇರಿಸಿದೆ. ಮತ್ತೆ ಪರೀಕ್ಷೆ ಮಾಡಲಿಲ್ಲ.

2020ರಲ್ಲಿ ಜಾವಾಸ್ಕ್ರಿಪ್ಟ್‌ಗೆ ?? ಗುರುತು ಬಂತು. ಇದು ಎಡಗಡೆ ನಲ್ ಅಥವಾ ಅನ್‌ಡಿಫೈನ್ಡ್ (ಎರಡೂ 'ಇಲ್ಲಿ ಏನೂ ಇಲ್ಲ' ಎನ್ನುವ ಗುರುತುಗಳು) ಇದ್ದರೆ ಮಾತ್ರ ಬಲಗಡೆ ಹೋಗುತ್ತದೆ, 0 ಇದ್ದರೆ ಮುಟ್ಟುವುದಿಲ್ಲ. || ತೆಗೆದು ಸುಮ್ನೆ ?? ಹಾಕಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಇಲ್ಲಿ ಸಾಲದು. ಖಾಲಿ ಪಠ್ಯವನ್ನು ಸಂಖ್ಯೆಗೆ ಬದಲಾಯಿಸಿದರೂ 0 ಬರುತ್ತದೆ, ಬರೀ ಸ್ಪೇಸ್ ಒತ್ತಿದ್ದರೂ 0. ಆಗ ಹಸಿ ಭತ್ತಕ್ಕೂ ಕಡಿತ ಇಲ್ಲ, ನಷ್ಟ ಅಂಗಡಿಗೆ. ಕೊನೆಗೆ ಕೆಲಸದ ಕ್ರಮವನ್ನೇ ಬದಲಿಸಿದೆ. ಮೊದಲು ಸ್ಪೇಸ್ ತೆಗೆದು ಖಾಲಿಯೇ ಎಂದು ನೋಡುವುದು, ಆಮೇಲೆ ಸಂಖ್ಯೆಗೆ ಬದಲಾಯಿಸುವುದು, ಸಂಖ್ಯೆ ಆಗದಿದ್ದರೆ ಬಿಲ್ ನಿಲ್ಲಿಸುವುದು.

ಬೇರೆ ಪ್ರೋಗ್ರಾಮಿಂಗ್ ಭಾಷೆಗೆ ಹೋದರೆ ಈ ನಿಯಮಗಳು ಬದಲಾಗುತ್ತವೆ. ಪಿಎಚ್‌ಪಿಯಲ್ಲಿ "0" ಎಂಬ ಪಠ್ಯವೂ ಸುಳ್ಳು. ರೂಬಿಯಲ್ಲಿ 0 ಸಂಖ್ಯೆಯೇ ನಿಜ. ನೆನಪಿನ ಮೇಲೆ ಬರೆಯಬೇಡಿ, ಆ ಭಾಷೆಯಲ್ಲೇ ಒಂದು ಸಾಲು ಓಡಿಸಿ ನೋಡಿ.

ಹೋಲಿಕೆಯ ಗುರುತುಗಳಲ್ಲೂ ಇದೇ ಪಾಡು. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರುವಂತಿಲ್ಲ. ಇಲ್ಲಿ > (ಹೆಚ್ಚು) ಬರೆಯಬೇಕಾದ ಕಡೆ >= (ಹೆಚ್ಚು ಅಥವಾ ಸಮ) ಬರೆದರೆ ಸರಿಯಾಗಿ 17 ಇರುವ ರೈತರ ಭತ್ತ ವಾಪಸ್ ಹೋಗುತ್ತದೆ. 12 ಮತ್ತು 20 ಹಾಕಿ ನೋಡಿದರೆ ಈ ತಪ್ಪು ಸಿಗುವುದಿಲ್ಲ. 16.9, 17, 17.1 ಮೂರನ್ನೂ ಹಾಕಬೇಕು. ಜೊತೆಗೆ 9 ಕೂಡ ಹಾಕಿ. ಎರಡೂ ಕಡೆ ಪಠ್ಯವೇ ಇದ್ದರೆ "9" > "17" ನಿಜ ಎಂದು ಬರುತ್ತದೆ, ಯಾಕೆಂದರೆ ಹೋಲಿಸುವುದು ಮೊದಲ ಅಕ್ಷರವನ್ನು.

ಆ ಅಂಗಡಿಯ ಪ್ರೋಗ್ರಾಂನಲ್ಲಿ ನಾನು ಏನೇ ತಿದ್ದಿದರೂ ಈಗ ಒಂದು ಪರೀಕ್ಷೆಯ ಫೈಲ್ ತಾನಾಗಿ ಓಡುತ್ತದೆ. ಅದರ ಮೊದಲ ಸಾಲು: 40 ಚೀಲ, ಕಡಿತ 0, ಬರಬೇಕಾದ ತೂಕ 3,000 ಕಿಲೋ.